ಲೂರ್ದಮ್ಮ ಗರಿ ಕೊಡದ ವರ್ಷ

ಈ ಸಲದ ಬೂದಿ ಬುಧವಾರ ಬಳ್ಳಾರಿಯ ದೊಡ್ಡ ಚರ್ಚಿನಲ್ಲಿ ಬೆಳಗಿನ ಪೂಜೆ ಮುಗಿಸಿ, ಹಣೆಯ ಮೇಲೆ ಬೂದಿಯ ಶಿಲುಬೆ ಇಟ್ಟುಕೊಂಡೇ ಕುರುಗೋಡಿನ ಬಸ್ಸು ಹತ್ತಿದೆ. ಕುರುಗೋಡಿನ ಹೈಸ್ಕೂಲಿನಲ್ಲಿ ನಾನು ಗಣಿತ ಹೇಳಿಕೊಡುವವಳು. ಹಬ್ಬವಿರಲಿ ಉಪವಾಸವಿರಲಿ, ಮೊದಲ ಪೀರಿಯಡ್ಡು ನನಗಾಗಿ ಕಾಯುವುದಿಲ್ಲ. ಪಕ್ಕದ ಸೀಟಿನಲ್ಲಿ ಒಬ್ಬ ಹಿರಿಯ ಹೆಂಗಸು ಕೂತಿದ್ದರು. ಹಣೆ ತುಂಬ ಮೂರೆಳೆ ವಿಭೂತಿ, ಮಡಿಲಲ್ಲಿ ಬದನೆಕಾಯಿ ಚೀಲ. ನನ್ನ ಮುಖವನ್ನು ಒಂದೆರಡು ಸಲ ನೋಡಿದವರು ಕೊನೆಗೆ ತಡೆಯಲಾರದೆ ಹೇಳಿಯೇಬಿಟ್ಟರು.

"ಯವ್ವಾ, ನಿನ್ನ ವಿಭೂತಿ ಒರಸಿ ಹೋಗೇತಿ ನೋಡು. ಒಂದು ಅಡ್ಡ ಒಂದು ಉದ್ದ ಆಗೇತಿ. ತಗಾ, ಸರಿ ಮಾಡ್ಕ" ಎಂದು ತಮ್ಮ ಸೆರಗಿನ ತುದಿಯನ್ನೇ ಮುಂದೆ ಹಿಡಿದರು.

"ನಮ್ಮದು ಹಿಂಗ ಇರ್ತೈತ್ರಿ ಅಮ್ಮಾ" ಎಂದೆ.

"ಹೌದಾ? ಹಂಗಾದ್ರ ಇರ್ಲಿ ಬಿಡು. ಹಣಿ ಖಾಲಿ ಇಲ್ಲಲ್ಲ, ಸಾಕು."

ಅಷ್ಟು ಹೇಳಿ ಅವರು ನಿದ್ದೆಗೆ ಜಾರಿದರು. ನನಗೆ ಮಾತ್ರ ಸಿರುಗುಪ್ಪದ ಬಸಮ್ಮ ನೆನಪಾದರು, ಅವರ ಹಿಂದೆ ಲೂರ್ದಮ್ಮ, ಲೂರ್ದಮ್ಮನ ಹಿಂದೆ ಗರಿ ಸುಡುವ ವಾಸನೆ. ಭತ್ತದ ಹುಲ್ಲು ಸುಟ್ಟರೆ ಬರುವ ವಾಸನೆಯೇ ಬೇರೆ, ಇದೇ ಬೇರೆ. ಒಣಗಿದ ಈಚಲು ಗರಿಗೆ ಬೆಂಕಿ ತಾಗಿದರೆ ಚಟಪಟ ಸದ್ದು ಮಾಡಿ, ಮೂಗಿಗೆ ಚುಚ್ಚುವಂಥ ಒಂದು ಘಾಟು ಬರುತ್ತದೆ. ಬಳ್ಳಾರಿಯಲ್ಲಿ ಇವತ್ತು ಹಚ್ಚಿದ್ದು ಎಲ್ಲಿಂದಲೋ ಪೊಟ್ಟಣದಲ್ಲಿ ಬಂದ ನುಣುಪು ಬೂದಿ. ಅದಕ್ಕೆ ಯಾವ ವಾಸನೆಯೂ ಇರಲಿಲ್ಲ.

ನಾನು ಹುಟ್ಟಿ ಬೆಳೆದದ್ದು ಬಳ್ಳಾರಿ ನಗರದಲ್ಲಿ. ಚಿಕ್ಕಂದಿನಲ್ಲಿ ಬೂದಿ ಬುಧವಾರ ಎಂದರೆ ನನಗೆ ಆಗದು. ಚರ್ಚಿನ ಗುರುಗಳು ಹೆಬ್ಬೆರಳಿನಿಂದ ಹಣೆಯ ಮೇಲೆ ಶಿಲುಬೆ ಎಳೆದು, ನೀನು ಮಣ್ಣು, ಮಣ್ಣಿಗೇ ಮರಳುವೆ ಎಂದು ನೆನಪಿಸುತ್ತಾರೆ. ಅದಿರಿನ ಲಾರಿಗಳು ದಿನವಿಡೀ ಓಡಾಡುವ ಊರಿನಲ್ಲಿ, ಒಗೆದ ಬಟ್ಟೆ ಹಗ್ಗದ ಮೇಲೆಯೇ ಕೆಂಪಾಗುವ ಊರಿನಲ್ಲಿ, ನೀನು ಮಣ್ಣು ಎಂದು ಬೇರೆ ಹೇಳಬೇಕೇ? ಕುಡತಿನಿಯ ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲ ಕೆಲಸಕ್ಕಿದ್ದ ನಮ್ಮ ಮಾವ ಒಬ್ಬರು "ನಮಗ ದಿನಾ ಬೂದಿ ಬುಧವಾರಾನ" ಎಂದು ನಗಿಸುತ್ತಿದ್ದರು. ನಾನು ಸಾಲೆಯ ಗೇಟಿನ ಹತ್ತಿರ ಬರುವ ಮೊದಲೇ ಕರ್ಚೀಫಿನಿಂದ ಹಣೆ ಒರೆಸಿಕೊಂಡುಬಿಡುತ್ತಿದ್ದೆ. ದೊಡ್ಡವಳಾದ ಮೇಲೆ ಒರೆಸುವುದು ಬಿಟ್ಟೆ, ಆದರೆ ಆ ದಿನದ ಅರ್ಥವೇನೆಂದು ತಲೆ ಕೆಡಿಸಿಕೊಂಡವಳಲ್ಲ. ಸಿರುಗುಪ್ಪಕ್ಕೆ ವರ್ಗವಾಗದಿದ್ದರೆ ಹಾಗೆಯೇ ಇರುತ್ತಿದ್ದೆನೋ ಏನೋ.

ಸಿರುಗುಪ್ಪಕ್ಕೆ ನಾನು ಹೋದದ್ದು ಕೆಲವು ವರ್ಷಗಳ ಹಿಂದೆ, ಜೂನಿನಲ್ಲಿ. ಬಸಮ್ಮ ಎಂಬ ಲಿಂಗಾಯತ ವಿಧವೆಯ ಮನೆಯಲ್ಲಿ ಹಿಂದಿನ ಕೋಣೆ ಬಾಡಿಗೆಗೆ ಸಿಕ್ಕಿತು. ಬಸಮ್ಮ ಬೆಳಿಗ್ಗೆ ಎದ್ದರೆ ಮೊದಲು ಸ್ನಾನ, ಆಮೇಲೆ ವಿಭೂತಿ, ಆಮೇಲೆ ಊರಿನ ಸುದ್ದಿ. ಅದೇ ಓಣಿಯ ಕೊನೆಗೆ ಶೌರಪ್ಪ ಮತ್ತು ಲೂರ್ದಮ್ಮನ ಮನೆ. ಶೌರಪ್ಪ ಅಕ್ಕಿ ಗಿರಣಿಯಲ್ಲಿ ಭತ್ತ ಕುದಿಸುವ ಕಡೆ ಕೆಲಸಕ್ಕಿದ್ದ. ಲೂರ್ದಮ್ಮ ನಾಟಿಗೆ, ಕಳೆಗೆ, ಕೊಯ್ಲಿಗೆ ಹೆಂಗಸರ ಗುಂಪಿನ ಜೊತೆ ಗದ್ದೆಗೆ ಹೋಗುತ್ತಿದ್ದಳು. ಮಕ್ಕಳಿರಲಿಲ್ಲ. ಊರಲ್ಲಿ ನಮ್ಮವರು ಎಂದರೆ ಬೆರಳೆಣಿಕೆಯ ಮನೆಗಳು. ತಗಡಿನ ಸೂರಿನ ಒಂದು ಚಿಕ್ಕ ಚರ್ಚು. ಅದನ್ನು ಎಲ್ಲರೂ ಗುಡಿ ಎಂದೇ ಕರೆಯುತ್ತಿದ್ದರು. ಗುರುಗಳು ಬಳ್ಳಾರಿಯಿಂದ ಭಾನುವಾರ ಬಂದು ಪೂಜೆ ಮಾಡಿ ಹೋಗುತ್ತಿದ್ದರು. ಉಳಿದ ದಿನ ಗುಡಿಯ ಬೀಗ, ಗಂಟೆ, ನೇಮನಿಷ್ಠೆ ಎಲ್ಲ ಉಪದೇಶಿ ಚಿನ್ನಪ್ಪನ ಕೈಯಲ್ಲಿ.

ನಾನು ಬಂದ ವಾರದಲ್ಲೇ ಶೌರಪ್ಪ ನನ್ನ ಕೋಣೆಯ ಬಾಗಿಲಲ್ಲಿ ನಿಂತು, ಒಳಗಿನ ಗೋಡೆಗಳನ್ನೆಲ್ಲ ಕಣ್ಣಲ್ಲೇ ಹುಡುಕಿದ.

"ಏನ್ರಿ ಮೇಡಂ, ಮನ್ಯಾಗ ಗರಿ ಇಲ್ಲ ಅಂದ್ರ ಹೆಂಗ್ರಿ?"

"ಬಳ್ಳಾರ್‍ಯಾಗ ಅವ್ವನ ಮನ್ಯಾಗ ಐತಿ" ಎಂದೆ.

"ಅಲ್ಲಿದ್ರ ಅಲ್ಲಿಗಾತು. ಇಲ್ಲಿಗೆ?" ಎಂದವನು ಅಂಗಿಯ ಜೇಬಿನಿಂದ ಒಂದು ಪುಟ್ಟ ಶಿಲುಬೆ ತೆಗೆದು ಕೊಟ್ಟ. ಈಚಲು ಗರಿಯನ್ನು ಮಡಚಿ ಮಡಚಿ ಹೆಣೆದದ್ದು. ನಡುವೆ ಒಂದು ಗಟ್ಟಿ ಗಂಟು. ಗರಿಗಳ ಭಾನುವಾರಕ್ಕೆ, ಅಂದರೆ ಈಸ್ಟರ್ ಹಬ್ಬದ ಹಿಂದಿನ ಭಾನುವಾರಕ್ಕೆ, ಊರಿನ ನಮ್ಮವರ ಎಲ್ಲ ಮನೆಗೂ ಶಿಲುಬೆ ಹೆಣೆದು ಕೊಡುವವನು ಅವನೇ ಎಂದು ಆಮೇಲೆ ತಿಳಿಯಿತು. ಮೋಕದ ಹತ್ತಿರ ಹಗರಿ ಹೊಳೆಯ ದಂಡೆಗೆ ಹೋಗಿ ಗರಿ ಕಡಿದು ತರುತ್ತಿದ್ದ. ಗುರುಗಳು ಮಂತ್ರಿಸಿದ ಆ ಶಿಲುಬೆಗಳು ವರ್ಷವಿಡೀ ಬಾಗಿಲ ಮೇಲೆ, ದೇವಮಾತೆಯ ಪಟದ ಹಿಂದೆ ಇರುತ್ತವೆ. ಮುಂದಿನ ಬೂದಿ ಬುಧವಾರ ಅವನ್ನೆಲ್ಲ ಗುಡಿಗೆ ತಂದು ಸುಡಬೇಕು. ಆ ಬೂದಿಯೇ ಎಲ್ಲರ ಹಣೆಗೆ. ಬಳ್ಳಾರಿಯಲ್ಲಿ ಬೂದಿ ಎಲ್ಲಿಂದ ಬರುತ್ತದೆಂದು ನಾನು ಯೋಚಿಸಿಯೇ ಇರಲಿಲ್ಲ. ಸಿರುಗುಪ್ಪದಲ್ಲಿ ಅದು ಕಣ್ಣೆದುರೇ ಆಗುವ ಕೆಲಸ.

ನವೆಂಬರಿನಲ್ಲಿ ಕೊಯ್ಲು ಭರದಿಂದ ನಡೆದಿತ್ತು. ಊರ ಸುತ್ತ ಎಲ್ಲಿ ನೋಡಿದರೂ ಹಣ್ಣಾದ ಭತ್ತ, ರಸ್ತೆಯ ಮೇಲೆಲ್ಲ ರಾಶಿ, ಗಿರಣಿಯ ಚಿಮಣಿಗಳಿಗೆ ಬಿಡುವೇ ಇಲ್ಲ. ಒಂದು ಮಧ್ಯಾಹ್ನ ಶೌರಪ್ಪ ಗಿರಣಿಯ ಅಂಗಳದಲ್ಲಿ ಎದೆ ಹಿಡಿದುಕೊಂಡು ಕೂತ. ಆಸ್ಪತ್ರೆಗೆ ಎತ್ತಿಕೊಂಡು ಹೋಗುವಷ್ಟರಲ್ಲಿ ಮುಗಿದುಹೋಗಿತ್ತು. ಲೂರ್ದಮ್ಮ ಆ ದಿನ ದೇಶನೂರಿನ ಗದ್ದೆಯಲ್ಲಿದ್ದಳು. ಯಾರೋ ಬೈಕಿನಲ್ಲಿ ಹೋಗಿ ಕರೆತಂದರು. ಅವಳು ಬಂದಾಗ ಅವನಿಗೆ ಬಿಳಿ ಬಟ್ಟೆ ಹೊದಿಸಿ ಆಗಿತ್ತು. ಕೈಯಲ್ಲಿ ಕುಡುಗೋಲು ಹಾಗೇ ಇತ್ತು, ಬಸಮ್ಮ ಬಿಡಿಸಿಕೊಂಡರು. "ಬೆಳಿಗ್ಗಿ ಬುತ್ತಿ ಕಟ್ಟಿಕೊಡಾಗ ಮಾತಾಡಿಸಲಿಲ್ಲ ನಾನು. ಗಾಡಿ ಬಂದಿತ್ತು, ಓಡಿದೆ" ಎಂದು ಇಷ್ಟನ್ನೇ ಲೂರ್ದಮ್ಮ ಎಷ್ಟೋ ದಿನ ಹೇಳಿದಳು. ಆಮೇಲೆ ಅದನ್ನೂ ಬಿಟ್ಟಳು.

ಫೆಬ್ರವರಿಯಲ್ಲಿ ಬೂದಿ ಬುಧವಾರ ಬಂತು. ಬಿಸಿಲು ಆಗಲೇ ಏರತೊಡಗಿತ್ತು. ಸಂಜೆ ಪೂಜೆಗೆ ಮೊದಲು ಗುಡಿಯ ಹಿಂದೆ ಚಿನ್ನಪ್ಪ ಹಳೆಯ ಕಬ್ಬಿಣದ ಬಾಣಲೆ ಇಟ್ಟು ಬೆಂಕಿ ಮಾಡಿದ. ಒಬ್ಬೊಬ್ಬರೇ ಬಂದು ತಮ್ಮ ಮನೆಯ ಶಿಲುಬೆಯನ್ನು ಅದರೊಳಗೆ ಹಾಕಿದರು. ನಾನೂ ಹಾಕಿದೆ. ಗಂಟಿನ ಹತ್ತಿರ ಬೆಂಕಿ ಬರುವಾಗ ಪ್ರತಿಯೊಂದೂ ಒಂದು ಸಲ ಮಗ್ಗುಲು ಹೊರಳುತ್ತಿತ್ತು. ಲೂರ್ದಮ್ಮ ಗೋಡೆಗೆ ಆತುಕೊಂಡು ನಿಂತು ನೋಡುತ್ತಿದ್ದಳು. ಕೈ ಖಾಲಿ.

"ಲೂರ್ದಮ್ಮ, ನಿಂದೆಲ್ಲಿ?" ಚಿನ್ನಪ್ಪ ಕೇಳಿದ.

"ಮನ್ಯಾಗ ಐತಿ."

"ಹೋಗಿ ತಗಂಬಾ ಮತ್ತ. ಸ್ವಾಮ್ಯಾರು ಬರೋ ಹೊತ್ತಾತು."

"ತರಂಗಿಲ್ಲ ಅಣ್ಣ."

"ತರಂಗಿಲ್ಲ ಅಂದ್ರ ಹೆಂಗ? ಮಂತ್ರಿಸಿದ್ದು ಅದು. ವರ್ಷ ಆದ ಮ್ಯಾಲ ಸುಡಬೇಕು. ನೇಮ ಅಂದ್ರ ನೇಮ."

"ನಿನ್ನ ನೇಮ ನೀನಿಟ್ಕ!" ಅವಳ ದನಿ ಏರಿತು. "ಅಲ್ಲಿ ಬಾಣಲ್ಯಾಗ ಇರೋದೆಲ್ಲಾ ಯಾರು ಮಾಡಿದ್ದು? ಎಲ್ಲಾರೂ ಆತನ ಕೈಕೆಲಸ ಒಂದೊಂದ ತಂದು ಬೆಂಕಿಗೆ ಹಾಕಾಕತ್ತೀರಿ, ನಾನು ನಿಂತು ನೋಡಾಕತ್ತೀನಿ. ಅಷ್ಟು ಸಾಲದೇನು ನಿಮಗ? ಉಳಿದಿದ್ದು ಅದೊಂದು. ಅದನ್ನ ಕೊಡಂಗಿಲ್ಲ."

ಬಾಣಲೆಯಲ್ಲಿದ್ದದ್ದು ಅವನ ಕೈಕೆಲಸ ಎಂಬುದು ಅವಳು ಹೇಳುವ ತನಕ ನಮಗೆ ಯಾರಿಗೂ ಹೊಳೆದಿರಲಿಲ್ಲ. ಪೂಜೆಯಲ್ಲಿ ಎಲ್ಲರೂ ಬೂದಿ ಹಚ್ಚಿಸಿಕೊಳ್ಳಲು ಸಾಲಾಗಿ ಎದ್ದಾಗ ಲೂರ್ದಮ್ಮ ಸೆರಗು ಹೊದ್ದು ಹೊರಗೆ ಹೊರಟುಹೋದಳು. ಗುರುಗಳು ವಯಸ್ಸಿನಲ್ಲಿ ಚಿಕ್ಕವರು, ಮೆತ್ತಗಿನ ಮನುಷ್ಯ. ವಿಷಯ ತಿಳಿದ ಮೇಲೆ "ಇರಲಿ ಬಿಡ್ರಿ, ಒತ್ತಾಯ ಬ್ಯಾಡ" ಎಂದರು. ಚಿನ್ನಪ್ಪನಿಗೆ ಅದು ಸರಿ ಬರಲಿಲ್ಲ. "ಇವತ್ತು ಒಬ್ಬಾಕಿಗೆ ಬಿಟ್ರ ನಾಳಿ ಎಲ್ಲಾರೂ ಗರಿ ಗೋಡಿಗೆ ಬಡಕೊಂಡು ಕುಂಡ್ರತಾರ" ಎಂದು ಗೊಣಗಿದ. ನಿಜ ಹೇಳಬೇಕೆಂದರೆ ನನಗೆ ಚಿನ್ನಪ್ಪನ ಮಾತೇ ಸರಿ ಎನ್ನಿಸಿತ್ತು. ಗರಿಯಲ್ಲಿ ಗಂಡ ಇರುತ್ತಾನೆಯೇ?

ನಾನು ಮನೆಗೆ ಬರುವಾಗ ಲೂರ್ದಮ್ಮ ಬಸಮ್ಮನ ಕಟ್ಟೆಯ ಮೇಲೆ ಕೂತಿದ್ದಳು. ಬಸಮ್ಮನಿಗೆ ನಮ್ಮ ಹಬ್ಬಗಳೆಲ್ಲ ಬಾಯಿಪಾಠ. ಒಬ್ಬಳ ಹಣೆಯ ಮೇಲೆ ಬೂದಿ ಇದೆ, ಇನ್ನೊಬ್ಬಳ ಹಣೆ ಬರಿದು ಎಂದು ನೋಡಿದ್ದೇ ತಡ, ಒಳಗೆ ಹೋಗಿ ವಿಭೂತಿ ಗಟ್ಟಿಯನ್ನೇ ಹಿಡಿದು ಬಂದರು.

"ಇವತ್ತು ನಿಮ್ಮ ಬೂದಿ ಹಬ್ಬ ಅಲ್ಲೇನು? ಬರೇ ಹಣೀಲೆ ಬಂದೀಯಲ್ಲವ್ವಾ ಲೂರ್ದಿ. ಅಲ್ಲಿ ಸಾಲಲಿಲ್ಲಂದ್ರ ಇಲ್ಲಿಂದ ತಗಾ. ನಿಮಗೂ ಬೂದೀನ, ನಮಗೂ ಬೂದೀನ."

ಲೂರ್ದಮ್ಮನಿಗೆ ಅಳುವಿನ ನಡುವೆಯೂ ನಗು ಬಂತು. "ಬ್ಯಾಡ ಬಸಕ್ಕ" ಎಂದು ನಡೆದದ್ದನ್ನು ಹೇಳಿದಳು. ಬಸಮ್ಮ ವಿಭೂತಿ ಗಟ್ಟಿಯನ್ನು ಅಂಗೈಯಲ್ಲಿ ಹೊರಳಿಸುತ್ತ ಕೂತರು. ಅವರ ಗಂಡ ಹೋಗಿ ಎಷ್ಟೋ ವರ್ಷವಾಗಿತ್ತು.

"ನೀವು ವರ್ಷಕ್ಕೊಮ್ಮೆ ಹಚ್ಚಗಂತೀರಿ. ಅದಕ್ಕ ನಿಮಗ ಅಷ್ಟು ತ್ರಾಸ ಆಗ್ತೈತಿ" ಎಂದರು. "ನಾನು ದಿನಾ ಬೆಳಗಾದ್ರ ಹಚ್ಚಗಂತೀನಿ. ಕೈಗೆ ರೂಢಿ ಆಗೈತಿ. ಆದ್ರೂ ಒಂದೊಂದು ದಿನ ಕೈ ಹಂಗಾ ನಿಲ್ತೈತಿ, ತಿಳೀತಾ? ನಿನಗ ಯಾವಾಗ ಆಗ್ತೈತಿ ಆವಾಗ ಹಚ್ಚಗ. ಯಾರು ಕೇಳ್ತಾರ?"

ಅಂದಿನಿಂದ ಲೂರ್ದಮ್ಮ ಗುಡಿಗೆ ಬರುವುದನ್ನೇ ನಿಲ್ಲಿಸಿದಳು. ಭಾನುವಾರ ಗಂಟೆ ಹೊಡೆದರೆ ಬಿಂದಿಗೆ ತೆಗೆದುಕೊಂಡು ನಲ್ಲಿಯ ಕಡೆ ಹೋಗುತ್ತಿದ್ದಳು. ಅವಳು ಕೂರುತ್ತಿದ್ದ ಕಿಟಕಿಯ ಪಕ್ಕದ ಜಾಗದಲ್ಲಿ ಯಾರೂ ಕೂರಲಿಲ್ಲ. ಬೂದಿ ಬುಧವಾರದಿಂದ ಈಸ್ಟರ್ ತನಕದ ತಪಸ್ಸು ಕಾಲದ ವಾರಗಳು ಹಾಗೇ ಕಳೆದವು. ಕಾಲುವೆಯ ನೀರು ಇಳಿಯಿತು, ತಗಡಿನ ಸೂರಿನ ಕೆಳಗೆ ಕೂರುವುದು ನಿಜವಾದ ತಪಸ್ಸೇ ಆಯಿತು. ಗಂಡ ಸತ್ತ ಹೆಂಗಸು ದೇವರನ್ನೂ ನಮ್ಮನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಾಳೆ ಎನ್ನಿಸಿ ನನಗೆ ಕಳವಳವಾಗುತ್ತಿತ್ತು. ಆದರೆ ಹೋಗಿ ಹೇಳುವ ಬಾಯಿ ನನಗಿರಲಿಲ್ಲ. ಲೆಕ್ಕ ಬಿಟ್ಟರೆ ಬೇರೆ ಯಾವುದನ್ನೂ ನಾನು ಯಾರಿಗೂ ಸರಿಯಾಗಿ ತಿಳಿಸಿ ಹೇಳಿದವಳಲ್ಲ.

ಗರಿಗಳ ಭಾನುವಾರದ ಹಿಂದಿನ ದಿನ ಚಿನ್ನಪ್ಪ ಗರಿ ಕಡಿಸಿ ತಂದು ಗುಡಿಯಲ್ಲಿ ಒದ್ದೆ ಚೀಲ ಮುಚ್ಚಿ ಇಟ್ಟ. ಶಿಲುಬೆ ಯಾರು ಹೆಣೆಯಬೇಕು? ಅಲ್ಲಿಯ ತನಕ ಈ ಪ್ರಶ್ನೆಯೇ ಹುಟ್ಟಿರಲಿಲ್ಲ. ನಾವು ಹೆಂಗಸರು ಮೊಬೈಲಿನಲ್ಲಿ ವಿಡಿಯೋ ಹಾಕಿಕೊಂಡು ಕೂತೆವು. ಅದರಲ್ಲಿ ಹೆಣೆಯುತ್ತಿದ್ದದ್ದು ಅಗಲವಾದ ತೆಂಗಿನ ಗರಿ. ನಮ್ಮದು ಸಣ್ಣಗೆ, ಬಿರುಸಾಗಿ, ತುದಿಯಲ್ಲಿ ಮುಳ್ಳಿನಂತೆ ಚುಚ್ಚುವ ಈಚಲು. ನಾನು ಮಾಡಿದ್ದನ್ನು ಎತ್ತಿ ಹಿಡಿದು ಒಬ್ಬಳು "ಮೇಡಮ್ಮಾರ, ಇದು ಶಿಲುಬಿ ಅಲ್ರಿ, ಕತ್ತರಿ" ಎಂದಳು. ಎಲ್ಲರೂ ನಕ್ಕರು. ಆ ಕತ್ತರಿಯೂ ಕ್ಷಣದಲ್ಲಿ ಬಿಚ್ಚಿಕೊಂಡಿತು. "ಬರೇ ಗರಿ ಕೊಟ್ರಾತು, ಯೇಸುಸ್ವಾಮಿ ಮುಂದ ಜನ ಹಿಡದಿದ್ದು ಬರೇ ಗರೀನ" ಎಂದು ಚಿನ್ನಪ್ಪ ಹೇಳಿದ. ಮಾತು ಸರಿಯೇ. ಆದರೆ ಅವನ ಮುಖವೂ ಚಿಕ್ಕದಾಗಿತ್ತು.

ನಾನು ಎದ್ದು ಲೂರ್ದಮ್ಮನ ಮನೆಗೆ ಹೋದೆ. ಅವಳು ಅಕ್ಕಿ ಆರಿಸುತ್ತಿದ್ದಳು.

"ನಿಮಗ ಹೆಣಿಯಾಕ ಬರ್ತೈತೇನು?" ಎಂದು ಕೇಳಿದೆ.

"ಇಲ್ರಿ ಮೇಡಂ. ಆತ ಕುಂತು ಹೆಣೀತಿದ್ದ, ನಾನು ಆ ಕಡಿಗೆ ರೊಟ್ಟಿ ಬಡೀತಿದ್ದೆ. ಒಂದಿನಾನೂ ಕಣ್ಣೆತ್ತಿ ನೋಡಲಿಲ್ಲ. ಮನಿಷಾ ಇರೋತನಕ ಯಾರು ನೋಡ್ತಾರ್ರಿ?"

ಸರಿ ಎಂದು ಹೊರಟೆ. ಅವಳು ಹಿಂದಿನಿಂದ ಕರೆದಳು. ಮಾತೆಯ ಪಟದ ಹಿಂದಿನಿಂದ ಶಿಲುಬೆ ತೆಗೆದು ಅಂಗೈಯಲ್ಲಿ ಇಟ್ಟುಕೊಂಡಿದ್ದಳು.

"ಇದನ್ನ ಬಿಚ್ಚಿದ್ರ ತಿಳೀತೈತೇನ್ರಿ?"

"ಒಣಗೇತಿ ಲೂರ್ದಮ್ಮ. ಮುರದು ಹೋಗ್ತೈತಿ" ಎಂದೆ. "ಬ್ಯಾಡ. ಬರೇ ಗರಿ ಕೊಟ್ರೂ ನಡೀತೈತಿ."

ಕೊಡುವುದಿಲ್ಲ ಎಂದು ಎಲ್ಲರೆದುರು ಜಗಳವಾಡಿ ಉಳಿಸಿಕೊಂಡದ್ದು ಅದು. ಅದಕ್ಕಾಗಿಯೇ ಗುಡಿ ಬಿಟ್ಟಿದ್ದಳು. ಕೊನೆಗೆ ಒಂದು ಬೋಗುಣಿಗೆ ನೀರು ಹಾಕಿ ಶಿಲುಬೆಯನ್ನು ಅದರಲ್ಲಿ ಮುಳುಗಿಸಿದಳು. "ಕಲ್ಲಿನಂಥ ಭತ್ತ ನೆನಸ್ತಿದ್ದ ಆತ. ಇದು ನೆನ್ಯಂಗಿಲ್ಲೇನು?" ಎಂದಳು. ಚಹಾ ಮಾಡಿದಳು, ಕುಡಿದೆವು. ಬಸಮ್ಮನೂ ಬಂದು ಕೂತರು. ಬಿಸಿಲು ಇಳಿಯುವ ಹೊತ್ತಿಗೆ ಗರಿ ಮೆತ್ತಗಾಗಿತ್ತು.

ಲೂರ್ದಮ್ಮ ಗಂಟಿಗೆ ಉಗುರು ಹಾಕಿದಳು. ಎಳೆ ಬರಲಿಲ್ಲ. ಈ ಕಡೆಯಿಂದ ನೋಡಿದಳು, ಆ ಕಡೆಯಿಂದ ನೋಡಿದಳು. ಬಲಗೈಯಿಂದ ಬಿಚ್ಚಲು ಹೋದಷ್ಟೂ ಬಿಗಿಯಾಗುತ್ತಿತ್ತು. ಒಂದು ಮಡಿಕೆ ಸಣ್ಣಗೆ ಸೀಳಿತು. ಅವಳು ಕೈ ಬದಲಿಸಿದಳು. ಎಡಗೈಯ ಉಗುರು ಹಾಕಿದ ತಕ್ಷಣ ಎಳೆ ಸಡಿಲವಾಗಿ ತಾನೇ ಹೊರಗೆ ಬಂತು.

"ಅಯ್ಯ ನನ್ನಪ್ಪನ! ಎಡಗೈಲೆ ಹೆಣದಾನ ನೋಡು ಬಸಕ್ಕ!" ಲೂರ್ದಮ್ಮ ಕೂಗಿಯೇಬಿಟ್ಟಳು. "ಎಡಚ ಇದ್ದ. ಎಡಗೈಲೆ ಉಣಬ್ಯಾಡ, ನೋಡಿದೋರು ನಗ್ತಾರ ಅಂತ ಮದುವ್ಯಾದಾಗಿಂದ ಬಡಕಂಡೆ. ನನಗೋಸ್ಕರ ಬಲಗೈಲೆ ಉಂಡ, ಬಲಗೈಲೆ ಶಿಲುಬಿ ಗುರ್ತು ಹಾಕ್ಕಂಡ. ಇದೊಂದು ಮಾತ್ರ ನನಗ ಕಾಣದಂಗ ಎಡಗೈಲೆ ಮಾಡ್ಕಂತ ಬಂದಾನ ಕಳ್ಳ!"

ಅವಳು ನಕ್ಕಳು, ನಗುತ್ತ ನಗುತ್ತಲೇ ಅತ್ತಳು. ಬಸಮ್ಮ ಬೆನ್ನು ಸವರಿದರು. ನನಗೆ ಅಳು ತಡವಾಗಿ ಬರುವ ಜಾಯಮಾನ; ಆ ದಿನ ಬೇಗ ಬಂತು.

ಗರಿ ಪೂರ್ತಿ ಬಿಚ್ಚಿದಾಗ ಹೊರಮೈಯೆಲ್ಲ ಕಂದು ಬಣ್ಣಕ್ಕೆ ತಿರುಗಿದ್ದರೂ ಮಡಿಕೆಗಳ ಒಳಗೆ ಇನ್ನೂ ಚೂರು ಹಸಿರಿತ್ತು. ಗೆರೆ ಗೆರೆಯಾಗಿ ಮಡಿಕೆಯ ಗುರುತುಗಳು. ಆ ಗುರುತುಗಳನ್ನು ನೋಡಿಕೊಂಡು ಲೂರ್ದಮ್ಮ ಒಂದು ಹಸಿ ಗರಿಯನ್ನು ಎಡಗೈಯಿಂದ ಮಡಚಿದಳು. ಮೊದಲನೆಯದು ಸೊಟ್ಟಗಾಯಿತು, ಎರಡನೆಯದೂ ಸೊಟ್ಟ. ಅದರ ಮುಂದಿನದರಲ್ಲಿ ಗಂಟು ಗಟ್ಟಿಯಾಗಿ ಕೂತಿತು. ನಾವು ಗರಿಯ ಚೀಲವನ್ನೇ ಅವಳ ಮನೆಗೆ ತಂದು, ನಮ್ಮ ನಮ್ಮ ಎಡಗೈಗಳನ್ನು ಬೈದುಕೊಳ್ಳುತ್ತ ಅವಳ ಸುತ್ತ ಕೂತೆವು.

ಮರುದಿನ ಬೆಳಿಗ್ಗೆ ಲೂರ್ದಮ್ಮ ಶಿಲುಬೆಗಳ ಬುಟ್ಟಿ ಹೊತ್ತು ಗುಡಿಗೆ ಬಂದಳು. ಚಿನ್ನಪ್ಪ ಬುಟ್ಟಿ ಇಳಿಸಿಕೊಂಡು ಒಂದು ಶಿಲುಬೆ ತೆಗೆದು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಶೌರಪ್ಪಂದ ಐತಿ ಇದು" ಎಂದ. ಅಷ್ಟೇ ಅಂದ.

ಅವಳು ಕಿಟಕಿಯ ಪಕ್ಕದ ತನ್ನ ಜಾಗಕ್ಕೆ ಹೋಗಿ ಕೂತಳು.

ಬಿಚ್ಚಿದ ಹಳೆಯ ಗರಿ ಮತ್ತೆ ಶಿಲುಬೆಯಾಗಲಿಲ್ಲ. ಮಡಚಲು ಹೋದರೆ ಸೀಳುತ್ತಿತ್ತು. ಅದನ್ನು ಹಾಗೇ ಚಪ್ಪಟೆಯಾಗಿ ಪಟದ ಹಿಂದೆ ಸಿಕ್ಕಿಸಿದಳು. ಬೇಸಿಗೆ ಕಳೆಯಿತು. ಕಾಲುವೆಗೆ ನೀರು ಬಿಟ್ಟರು, ನಾಟಿ ಆಯಿತು, ಸಿರುಗುಪ್ಪ ಮತ್ತೆ ಕಣ್ಣು ಹಾಯಿಸಿದಲ್ಲೆಲ್ಲ ಹಸಿರಾಯಿತು. ನವೆಂಬರಿನಲ್ಲಿ ಶೌರಪ್ಪನ ವರ್ಷದ ಪೂಜೆ ನಡೆಯಿತು. ಲೂರ್ದಮ್ಮ ಗದ್ದೆಗೆ ಹೋಗುವಾಗ ಯಾರಾದರೂ ಕಂಡರೆ ಗಾಡಿ ಕಾಯಿಸಿಯಾದರೂ ಮಾತಾಡಿಸಿ ಹೋಗುತ್ತಿದ್ದಳು. ಗರಿಯ ಮಾತು ನಾನು ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಮತ್ತೆ ಬೂದಿ ಬುಧವಾರ ಬಂತು. ಅದೇ ಗೋಡೆ, ಅದೇ ಬಾಣಲೆ. ಈ ಸಲ ಬೆಂಕಿಗೆ ಬೀಳುತ್ತಿದ್ದದ್ದೆಲ್ಲ ಲೂರ್ದಮ್ಮನ ಕೈಯ ಶಿಲುಬೆಗಳು. ಅವಳು ತನ್ನ ಮನೆಯದನ್ನೂ ಹಾಕಿದಳು. ಆಮೇಲೆ ಸೊಂಟದಿಂದ ಒಂದು ಕರವಸ್ತ್ರ ತೆಗೆದು ಬಿಚ್ಚಿದಳು. ಒಳಗೆ ಆ ಹಳೆಯ ಗರಿ ಇತ್ತು.

ಚಿನ್ನಪ್ಪ ಕಂಡ. ನೇಮದ ಮನುಷ್ಯ, ಬಾಣಲೆಗೆ ಅಡ್ಡ ಕೈ ಹಿಡಿದ. "ಇರ್ಲಿ ಬಿಡು ಲೂರ್ದಮ್ಮ. ಅದೊಂದು ಇಟ್ಕ. ಯಾರೂ ಏನೂ ಅನ್ನಂಗಿಲ್ಲ."

"ಬ್ಯಾಡಣ್ಣ" ಎಂದಳು. "ಆತನ ಕೈಕೆಲಸ ಈಗ ನನ್ನ ಕೈಯಾಗ ಐತಿ."

ಎಡಗೈಯಿಂದಲೇ ಅದನ್ನು ಬೆಂಕಿಗೆ ಇಳಿಸಿದಳು. ಗಂಟಿರಲಿಲ್ಲವಾದ್ದರಿಂದ ಅದು ಹೊರಳಲಿಲ್ಲ, ನೇರವಾಗಿಯೇ ಉರಿಯಿತು. ಬೂದಿಯಾಗುವ ತನಕ ಅವಳು ಅಲುಗದೆ ನಿಂತಳು. ಆಮೇಲೆ ಪೂಜೆಯಲ್ಲಿ ಎಲ್ಲರ ಜೊತೆ ಸಾಲಿನಲ್ಲಿ ನಿಂತು ಹಣೆ ಒಡ್ಡಿದಳು.

ಮನುಷ್ಯ ಮಣ್ಣು ಎಂದು ಹೆದರಿಸುವ ದಿನ ಅದು ಎಂದು ನಾನು ತಿಳಿದಿದ್ದೆ. ಬಾಗಿಲ ಮೇಲಿದ್ದದ್ದನ್ನು ಬೇರೆಯವರು ಕಿತ್ತುಕೊಳ್ಳುವ ಮೊದಲು ನಮ್ಮ ಕೈಯಿಂದಲೇ ಇಳಿಸಿ ಕೊಡುವ ದಿನ ಎಂದು ಈಗ ಅನ್ನಿಸುತ್ತದೆ. ಅದನ್ನು ಗುರುಗಳ ಯಾವ ಪ್ರವಚನದಲ್ಲೂ ನಾನು ಕೇಳಲಿಲ್ಲ. ಆ ಸಂಜೆ ಬಸಮ್ಮನ ಕಟ್ಟೆಯ ಮೇಲೆ ಕೇಳಿದೆ.

ಬಸಮ್ಮ ಲೂರ್ದಮ್ಮನ ಗಲ್ಲ ಹಿಡಿದು ಮುಖವನ್ನು ದೀಪದ ಕಡೆ ತಿರುಗಿಸಿ ನೋಡಿದರು. "ಈ ವರ್ಷ ಹಚ್ಚಿಸಿಗಂಡ್ಯೇನವ್ವಾ?"

"ಹ್ಞೂಂ ಬಸಕ್ಕ" ಎಂದಳು ಲೂರ್ದಮ್ಮ. "ಆತ ಹೋಗಾಗ ನಾನು ಹತ್ರ ಇರಲಿಲ್ಲ. ಈ ಸಲ ನಿಂತು ಕಳಿಸಿಕೊಟ್ಟೆ."